ಹಡಗುಕಟ್ಟೆಯಿಂದ ಬಂದ ಎಕೋ

‘ಎಕೋ ಮಾಡಿಸಿಕೊಂಡು ಬನ್ನಿ’ ಎಂದು ವೈದ್ಯರು ಚೀಟಿ ಬರೆಯುವ ಹೃದಯ ಪರೀಕ್ಷೆ ಶುರುವಾದದ್ದು ಹಡಗುಕಟ್ಟೆಯೊಂದರಿಂದ ಎರವಲು ತಂದ ಯಂತ್ರದಲ್ಲಿ.

ಕೀಲುವಾತ ಜ್ವರ ಬಿಟ್ಟುಹೋಗುವ ಕಾಯಿಲೆಗಳಲ್ಲಿ ಹೃದಯದ ಮೈಟ್ರಲ್ ಕವಾಟ ಕಿರಿದಾಗುವುದೂ ಒಂದು. 1948ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಮಿಡಿಯುವ ಹೃದಯದೊಳಗೇ ಬೆರಳು ತೂರಿಸಿ, ಅಂಟಿಕೊಂಡ ಕವಾಟವನ್ನು ಬಿಡಿಸತೊಡಗಿದರು. ಆದರೆ ಕವಾಟ ಕಿರಿದಾಗಿರದೆ ಸೋರುತ್ತಿದ್ದರೆ? ಬಿಡಿಸಿದಷ್ಟೂ ಅಪಾಯ. ಕಿರಿದಾಗಿದೆಯೋ ಸೋರುತ್ತಿದೆಯೋ ಎಂಬುದು ಸ್ಟೆತಾಸ್ಕೋಪಿಗೆ ಯಾವಾಗಲೂ ಖಚಿತವಾಗಿ ತಿಳಿಯುತ್ತಿರಲಿಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿದ್ದ ವೈದ್ಯ ಇಂಗೆ ಎಡ್ಲರ್ ಅವರ ತಲೆನೋವು ಇದೇ.

ಅವರಿಗೆ ಜೊತೆಯಾದವರು ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್. ಮಾಲ್ಮೋದ ಕೋಕುಮ್ಸ್ ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಶ್ರವಣಾತೀತ ಶಬ್ದದ ಯಂತ್ರವಿತ್ತು. ಹರ್ಟ್ಸ್ ಅದನ್ನು ಎದೆಗೆ ಹಿಡಿದು ನೋಡಿದರು. ಪರದೆಯ ಮೇಲೆ ಪ್ರತಿಧ್ವನಿಯೊಂದು ಮಿಡಿಯಿತು. ಮುಂದೆ ಸೀಮೆನ್ಸ್ ಕಂಪನಿ ಯಂತ್ರ ಕೊಟ್ಟಿತು. ಹರ್ಟ್ಸ್ ಅವರ ತಂದೆ, ನೊಬೆಲ್ ವಿಜೇತ ಗುಸ್ತಾವ್ ಹರ್ಟ್ಸ್, ಹಿಂದೆ ಅಲ್ಲಿ ಕೆಲಸ ಮಾಡಿದ್ದವರು. ಪರಿಚಯದ ಬಲ ಎಲ್ಲ ಕಡೆಯೂ ನಡೆಯುತ್ತದೆ ನೋಡಿ! 1953ರ ಅಕ್ಟೋಬರ್ 29ರಂದು ಹೃದಯದ ಪ್ರತಿಧ್ವನಿಯ ಚಲನೆ ಗೆರೆಯಾಗಿ ಮೊದಲ ಬಾರಿ ದಾಖಲಾಯಿತು.

ಕವಾಟ ಕಿರಿದಾದವರಲ್ಲಿ ಆ ಗೆರೆ ನಿಧಾನವಾಗಿ ಇಳಿಯುತ್ತಿತ್ತು. ಇಳಿಜಾರು ಮಂದವಾದಷ್ಟೂ ರೋಗ ಬಿಗಿ. ತಮಾಷೆಯೆಂದರೆ, ಎಡ್ಲರ್ ಅದನ್ನು ಎಡ ಹೃತ್ಕರ್ಣದ ಗೋಡೆಯೆಂದೇ ನಂಬಿದ್ದರು. ಅಳತೆ ಸರಿ, ಅಳೆದ ವಸ್ತು ಬೇರೆ! ಸಾವಿನಂಚಿನಲ್ಲಿದ್ದ ರೋಗಿಗಳ ಎದೆಯ ಮೇಲೆ ಶಬ್ದ ಹೊಕ್ಕ ಜಾಗ, ದಿಕ್ಕುಗಳನ್ನು ಗುರುತಿಟ್ಟು, ಮರಣದ ನಂತರ ಅದೇ ದಾರಿಯಲ್ಲಿ ಮೊನಚು ಸಲಾಕೆ ಇಳಿಸಿ ನೋಡಿದಾಗ ಅದು ತಾಗಿದ್ದು ಕವಾಟದ ಮುಂದಿನ ಎಸಳಿಗೆ.

ಇಳಿಜಾರನ್ನೂ ಪೂರ್ತಿ ನಂಬುವಂತಿರಲಿಲ್ಲ. ಹೃತ್ಕುಕ್ಷಿ ಗಡುಸಾದರೂ ಗೆರೆ ಮಂದವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಗೆರೆಯ ಬದಲು ಚಿತ್ರವೇ ಮೂಡತೊಡಗಿದಾಗ, ಮೀನಿನ ಬಾಯಿಯಂಥ ಕವಾಟದ ಕಿಂಡಿಯ ಅಂಚು ಗೀಚಿ ವಿಸ್ತೀರ್ಣ ಅಳೆದರು. ನಾರ್ವೆಯ ಲಿವ್ ಹಾಟ್ಲೆ ಮತ್ತು ಸಂಗಡಿಗರು ಡಾಪ್ಲರ್ ಎಂಬ ಶಬ್ದತಂತ್ರದಿಂದ ರಕ್ತದ ವೇಗ ಹಿಡಿದರು. ಆ ವೇಗದಿಂದ ತಿಳಿಯುವ, ಕವಾಟದ ಎರಡು ಬದಿಯ ಒತ್ತಡದ ಅಂತರ ಅರ್ಧಕ್ಕಿಳಿಯಲು ಎಷ್ಟು ಮಿಲಿಸೆಕೆಂಡು ಬೇಕೋ, ಆ ಸಂಖ್ಯೆಯಿಂದ 220ನ್ನು ಭಾಗಿಸಿದರೆ ಕಿಂಡಿಯ ಅಂದಾಜು ಅಳತೆ ಚದರ ಸೆಂ.ಮೀ.ನಲ್ಲಿ ಸಿಗುತ್ತದೆ. ಆರೋಗ್ಯವಂತರಲ್ಲಿ ಅದು 4ರಿಂದ 6; 1.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಂದಿನ ಲೆಕ್ಕದಲ್ಲಿ ತೀವ್ರ.

ಕವಾಟ ಬಿಡಿಸಲು ಈಗ ಬೆರಳಿನ ಬದಲು ಬಲೂನು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲೂ ಈ ಚಿಕಿತ್ಸೆ ನಡೆಯುತ್ತದೆ. ಬಲೂನು ಹಾಕುವ ಮುನ್ನ ಎಕೋ ಹೇಳಬೇಕಾದ ಮಾತುಗಳಲ್ಲಿ ಎಡ್ಲರ್ ಅವರ ಹಳೆಯ ಪ್ರಶ್ನೆಯೂ ಇದೆ: ಕವಾಟ ಸೋರುತ್ತಿದೆಯೇ?