ಇಂಗ್ಲಿಷಿನ ಮೂಲಕ ತೆಲುಗಿನ ಪ್ರೌಢ ಪದಸಂಪತ್ತು

ತೆಲುಗಿನ ಪ್ರೌಢಕಾವ್ಯಗಳನ್ನು ಓದಲೆಳಸುವ ಕನ್ನಡಿಗನಿಗೆ ಅನೇಕ ವೇಳೆ ಒಂದು ವಿಚಿತ್ರ ಸನ್ನಿವೇಶವೊದಗುತ್ತದೆ. ನೆರೆಯ ಭಾಷೆಯ ಪದಗಳ ಅರ್ಥವನ್ನು ಅವನು ಕಡಲಾಚೆಯ ಭಾಷೆಯಿಂದ ತಿಳಿಯಬೇಕಾಗುತ್ತದೆ. ಅವನ ಕೈಗೆ ಬರುವ ಕೋಶಗಳಲ್ಲಿ ಮುಖ್ಯವಾದುದು ಸಿ. ಪಿ. ಬ್ರೌನನ ತೆಲುಗು-ಇಂಗ್ಲಿಷು ನಿಘಂಟು. 1852 ರಲ್ಲಿ ಮದರಾಸಿನಲ್ಲಿ ಅಚ್ಚಾದ ಈ ಗ್ರಂಥವು 1903 ರಲ್ಲಿ ಪರಿಷ್ಕೃತವಾಯಿತು. ಪರಿಷ್ಕರ್ತರಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲುರವರೂ ಒಬ್ಬರು.

ಈ ಮಾರ್ಗದಿಂದ ಲಾಭವಿಲ್ಲವೆಂದು ಹೇಳಲಾಗದು. ಆಂಧ್ರನಾಮಸಂಗ್ರಹದಂತಹ ಹಳೆಯ ಪದ್ಯನಿಘಂಟುಗಳು ಪರ್ಯಾಯಪದಗಳನ್ನು ಕೂಡಿಸಿ ಕೊಡುವುವು. ಅವುಗಳಲ್ಲಿ ಒಂದನ್ನಾದರೂ ಅರಿಯದವನಿಗೆ ಉಳಿದುವುಗಳಿಂದ ಪ್ರಯೋಜನವಿಲ್ಲ. ಬ್ರೌನನಾದರೋ ಪರದೇಶಿಯನ್ನು ಮನಸ್ಸಿನಲ್ಲಿಟ್ಟು ಬರೆದವನು. ಆದುದರಿಂದ 'ಪ್ರಸಿದ್ಧ'ವೆಂದು ಬಿಟ್ಟುಬಿಡುವ ಸೌಕರ್ಯವು ಅವನಿಗಿರಲಿಲ್ಲ. ಪಂಡಿತರು ಗ್ರಾಮ್ಯವೆಂದು ದೂರವಿಟ್ಟ ಆಡುಮಾತುಗಳನ್ನೂ ಅವನು ಸೇರಿಸಿಕೊಂಡನು. ತೆಲುಗಿಗೆ ಬಂದ ಅನ್ಯದೇಶ್ಯಗಳಿಗೆಂದೇ 1854 ರಲ್ಲಿ ಬೇರೊಂದು ಕೋಶವನ್ನು ಪ್ರಕಟಿಸಿದನು.

ಆದರೆ ಇಂಗ್ಲಿಷು ಎಲ್ಲಿ ಸೋಲುವುದೋ ಅಲ್ಲಿ ಕನ್ನಡವು ಅನಾಯಾಸವಾಗಿ ಗೆಲ್ಲುತ್ತದೆ. 'ಎಂಗಿಲಿ' ಎಂಬುದನ್ನು ಇಂಗ್ಲಿಷಿನಲ್ಲಿ ತಿಳಿಸಲು ಒಂದು ವಾಕ್ಯವೇ ಬೇಕು. ಕನ್ನಡದಲ್ಲಿ 'ಎಂಜಲು' ಎಂದರೆ ಸಾಕು. 'ಮೊಗಮಾಟಮು' ಎಂಬುದಕ್ಕೆ ಸಂಕೋಚ, ಮುಲಾಜು, ಎದುರಿಗೆ ಇಲ್ಲವೆನ್ನಲಾರದ ಸ್ಥಿತಿ ಎಂದು ಇಂಗ್ಲಿಷಿನಲ್ಲಿ ಸುತ್ತಿ ಸುತ್ತಿ ಹೇಳಬೇಕಾಗುವುದು. 'ಮುಖದಾಕ್ಷಿಣ್ಯ'ವನ್ನು ಬಲ್ಲ ಕನ್ನಡಿಗನಿಗೆ ಆ ಸುತ್ತು ಏತಕ್ಕೆ?

ಇದಕ್ಕಿಂತ ಮುಖ್ಯವಾದುದು ಧ್ವನಿವ್ಯತ್ಯಾಸಗಳ ಕ್ರಮ. ಕನ್ನಡದ ಇ-ಎಕಾರಗಳ ಹಿಂದಿನ ಕಕಾರವು ತೆಲುಗಿನಲ್ಲಿ ಬಹುಮಟ್ಟಿಗೆ ಚಕಾರವಾಗಿರುತ್ತದೆ: ಕಿವಿ-ಚೆವಿ, ಕೆರೆ-ಚೆರುವು, ಕೆಡು-ಚೆಡು. ಹೊಸಗನ್ನಡದ ಹಕಾರಕ್ಕೆ ಪಕಾರವಿದೆ: ಹಾಲು-ಪಾಲು, ಹುಲಿ-ಪುಲಿ, ಹಳಗನ್ನಡದ ಪಾಲ್, ಪುಲಿಗಳನ್ನು ಓದಿದವನಿಗೆ ಇದು ಹೊಸದೇ ಅಲ್ಲ. ಮೊದಲಿನ ಸ್ವರವು ಸ್ಥಾನಪಲ್ಲಟ ಹೊಂದುವುದು ಮಾತ್ರ ತೊಡಕಿನದು: ಎರಡು-ರೆಂಡು, ಮರ-ಮ್ರಾನು. ಈ ಮೂರು ನಾಲ್ಕು ಸೂತ್ರಗಳನ್ನರಿತವನು ದೇಶ್ಯಪದಗಳಲ್ಲಿ ಹಲವನ್ನು ಕೋಶದ ನೆರವಿಲ್ಲದೆ ಗುರುತಿಸಬಲ್ಲನು. ತೆಲುಗು, ಕನ್ನಡ, ತಮಿಳುಗಳ ಈ ಬಾಂಧವ್ಯವನ್ನು ಎಫ್. ಡಬ್ಲ್ಯು. ಎಲ್ಲಿಸನು 1816 ರಲ್ಲಿ ನಿರೂಪಿಸಿದುದು ಆಂಗ್ಲರಿಗೆ ತೆಲುಗನ್ನು ಕಲಿಸಲೆಂದು ಎ. ಡಿ. ಕ್ಯಾಂಬೆಲ್ಲನು ಬರೆದ ವ್ಯಾಕರಣದ ಪೀಠಿಕೆಯಲ್ಲಿಯೇ ಎಂಬುದು ಸ್ವಾರಸ್ಯಕರವಾಗಿದೆ.

ಸಂಸ್ಕೃತಜನ್ಯ ಪದಗಳಲ್ಲಿಯಾದರೋ ಸ್ಥಿತಿಯು ತಲೆಕೆಳಗಾಗುತ್ತದೆ. ರೂಪವು ಒಂದೇ ಆಗಿರುವುದರಿಂದ ಓದುಗನು ಕೋಶವನ್ನು ತೆರೆಯುವುದೇ ಇಲ್ಲ, ಮೋಸಹೋಗುವುದು ಅಲ್ಲಿಯೇ. 'ಅವಸರಮು' ತೆಲುಗಿನಲ್ಲಿ ಅಗತ್ಯ, ಕನ್ನಡದಲ್ಲಿ ಆತುರ. 'ಶಿಕ್ಷಣ' ಅಲ್ಲಿ ತರಬೇತಿ, ಇಲ್ಲಿ ವಿದ್ಯಾಭ್ಯಾಸ. ಒಂದು ಪತ್ರದಲ್ಲಿ ಹಣವು 'ಅವಸರ'ವೆಂದಿದ್ದರೆ ಕನ್ನಡಿಗನು ಬರೆದವನ ತ್ವರೆಯನ್ನು ಕಾಣುವನೇ ಹೊರತು ಕೊರತೆಯನ್ನು ಕಾಣನು. ಇಂತಹ ಎಡೆಗಳಲ್ಲಿ, ಎರಡು ಭಾಷೆಗಳಿಗೂ ಹೊರಗಿನದಾದ ಇಂಗ್ಲಿಷು ಅರ್ಥವೇ ನಂಬತಕ್ಕುದು.

ಆದಕಾರಣ ಬ್ರೌನನ ಕೋಶದ ಪಕ್ಕದಲ್ಲಿ ಕಿಟ್ಟೆಲ್ಲನ ಕನ್ನಡ-ಇಂಗ್ಲಿಷು ನಿಘಂಟನ್ನೂ (1894) ಇಟ್ಟುಕೊಳ್ಳುವುದು ಲೇಸು. ಅದರಲ್ಲಿ ಅನೇಕ ಕನ್ನಡ ಪದಗಳೊಡನೆ ತೆಲುಗು, ತಮಿಳು ಮೊದಲಾದ ಭಾಷೆಗಳ ಜ್ಞಾತಿಪದಗಳೂ ಕೊಡಲ್ಪಟ್ಟಿವೆ. ದೇಶ್ಯಗಳಿಗೆ ಮೊದಲು ಕಿಟ್ಟೆಲ್, ತತ್ಸಮಗಳಿಗೆ ಮೊದಲು ಬ್ರೌನ್ ಎಂಬ ಕ್ರಮವು ಅಭ್ಯಾಸಿಗೆ ಅನುಕೂಲವಾದುದು.