ಒಂದೇ ಅಳತೆ, ಒಂದೇ ಅರ್ಥ

ಮಾಗಡಿ, ಕನಕಪುರ, ಚನ್ನಪಟ್ಟಣಗಳ ಸುತ್ತಮುತ್ತಲ ರೈತರು ಬೆಳೆದ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಅದನ್ನು ಕೊಂಡವರು ನೂಲು ತೆಗೆಯುತ್ತಾರೆ. ಬೇರೊಬ್ಬರು ಆ ನೂಲಿಗೆ ಹುರಿ ಹಾಕುತ್ತಾರೆ. ಇನ್ನೆಲ್ಲಿಯೋ ಇರುವ ನೇಕಾರರು ಅದನ್ನು ಮಗ್ಗಕ್ಕೇರಿಸುತ್ತಾರೆ. ಇವರೆಲ್ಲ ಒಬ್ಬರನ್ನೊಬ್ಬರು ಕಂಡಿರಬೇಕೆಂದೇನೂ ಇಲ್ಲ. ಆದರೂ ಕೆಲಸ ಕೆಡುವುದಿಲ್ಲ. ನೂಲಿನ ದಪ್ಪವನ್ನು ಎಲ್ಲರೂ ‘ಡೆನಿಯರ್’ ಎಂಬ ಒಂದೇ ಅಳತೆಯಲ್ಲಿ ಹೇಳುವುದು ಇದಕ್ಕೊಂದು ಕಾರಣ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅದರ ದಪ್ಪ ಅಷ್ಟು ಡೆನಿಯರ್.

ರಾಮನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಕಸುಬು ಬೆಳೆದಿದೆ. ಅದು ಸಿಲಿಕಾನ್ ಚಿಪ್ಪುಗಳ ವಿನ್ಯಾಸ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿ ಕೇಂದ್ರವನ್ನು ತೆರೆದಾಗ, ಅದು ಮೊದಲು ಕೈಗೊಂಡ ಕೆಲಸವೇ ಚಿಪ್ಪಿನ ವಿನ್ಯಾಸಕ್ಕೆ ನೆರವಾಗುವ ತಂತ್ರಾಂಶಗಳ ರಚನೆ. ಇಲ್ಲಿ ಸಿದ್ಧವಾದುದು ಉಪಗ್ರಹದ ಮೂಲಕ ಅಮೆರಿಕಕ್ಕೆ ತಲಪುತ್ತಿತ್ತು.

ಉಗುರಿನಷ್ಟು ಅಗಲದ ಚಿಪ್ಪಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿರಬಹುದು. ಇಷ್ಟನ್ನು ಮನುಷ್ಯನು ಕೈಯಿಂದ ಬರೆಯಲಾರನು. ಚಿಪ್ಪು ಮಾಡಬೇಕಾದ ಕೆಲಸವನ್ನು ಮೊದಲು ಒಂದು ಗಣಕಭಾಷೆಯಲ್ಲಿ ವಿವರಿಸುತ್ತಾರೆ. ಒಂದು ತಂತ್ರಾಂಶವು ಆ ವಿವರಣೆಯನ್ನು ವಿದ್ಯುನ್ಮಂಡಲವಾಗಿ ಮಾರ್ಪಡಿಸುತ್ತದೆ. ಮತ್ತೊಂದು ಅದರ ಭಾಗಗಳಿಗೆ ಜಾಗ ಗೊತ್ತುಮಾಡಿ ತಂತಿಗಳ ದಾರಿಯನ್ನು ಎಳೆಯುತ್ತದೆ. ಇನ್ನೊಂದು ವಿದ್ಯುತ್ ಸಂಕೇತವು ಸಕಾಲಕ್ಕೆ ಮುಟ್ಟುವುದೇ ಎಂದು ಪರೀಕ್ಷಿಸುತ್ತದೆ. ಇವುಗಳನ್ನು ಬರೆದವರು ಬೇರೆ ಬೇರೆ ಸಂಸ್ಥೆಗಳವರು. ಒಂದರ ಬರಹ ಇನ್ನೊಂದಕ್ಕೆ ತಿಳಿಯದಿದ್ದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ.

ನಡುವೆ ಭಾಷಾಂತರ ಮಾಡುವ ತಂತ್ರಾಂಶಗಳನ್ನಿಟ್ಟರೆ ಸಾಲದೆ? ಲೆಕ್ಕ ಹಾಕಿ ನೋಡಬಹುದು. ಹತ್ತು ತಂತ್ರಾಂಶಗಳಲ್ಲಿ ಪ್ರತಿಯೊಂದೂ ಉಳಿದ ಒಂಬತ್ತರೊಡನೆ ಮಾತನಾಡಬೇಕಾದರೆ 90 ಭಾಷಾಂತರಗಳು ಬೇಕು. ಎಲ್ಲಕ್ಕೂ ಸಮಾನವಾದ ಒಂದು ರೂಪವಿದ್ದರೆ ಅದಕ್ಕೆ ಬರೆಯಲು ಹತ್ತು, ಅದರಿಂದ ಓದಲು ಹತ್ತು, ಒಟ್ಟು 20 ಸಾಕು. ಈ ಉದ್ದೇಶದಿಂದಲೇ 1983ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮೊದಲಾದ ಕೆಲವು ಸಂಸ್ಥೆಗಳು ಕೂಡಿ ‘ಇಡಿಫ್’ ಎಂಬ ಸಮಾನ ರೂಪವನ್ನು ಕಟ್ಟಲು ತೊಡಗಿದವು. ಯತ್ನವೇನೋ ಒಳ್ಳೆಯದೆ. ಆದರೆ ಅದು ಬರವಣಿಗೆಯ ವ್ಯಾಕರಣವನ್ನು ಗೊತ್ತುಮಾಡಿದಷ್ಟು ಬಿಗಿಯಾಗಿ ಅರ್ಥವನ್ನು ಗೊತ್ತುಮಾಡಲಿಲ್ಲ. ಒಂದೊಂದು ಸಂಸ್ಥೆಯೂ ಅದನ್ನು ತನಗೆ ತೋಚಿದಂತೆ ಬಳಸಿತು. ಒಬ್ಬರು ಬರೆದ ಇಡಿಫ್ ಇನ್ನೊಬ್ಬರಿಗೆ ಓದಲು ಬಾರದ ಪ್ರಸಂಗಗಳು ಒದಗಿದವು.

ಅರ್ಥದ ತೊಡಕು ಎಷ್ಟು ಸಣ್ಣ ಎಡೆಯಲ್ಲಿ ಅಡಗಿರುತ್ತದೆಂಬುದು ಸೋಜಿಗವೇ ಸರಿ. ಚಿಪ್ಪನ್ನು ವಿವರಿಸಲು ವೆರಿಲಾಗ್, ವಿಎಚ್‌ಡಿಎಲ್ ಎಂಬ ಎರಡು ಭಾಷೆಗಳು ಬಳಕೆಯಲ್ಲಿವೆ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದ ಹೆಸರು, ಚಿಕ್ಕಕ್ಷರದಲ್ಲಿ ಬರೆದ ಅದೇ ಹೆಸರು ಮೊದಲನೆಯದಕ್ಕೆ ಎರಡು ಬೇರೆ ತಂತಿಗಳು. ಎರಡನೆಯದಕ್ಕೆ ಒಂದೇ ತಂತಿ. ಎಚ್ಚರಿಕೆಯಿಲ್ಲದೆ ಭಾಷಾಂತರಿಸಿದರೆ ಬೇರೆಯಾಗಿರಬೇಕಾದ ಎರಡು ತಂತಿಗಳು ಒಂದಾಗಿಬಿಡುತ್ತವೆ!

ಕೊನೆಯ ನಕ್ಷೆಯ ಕಥೆ ಇನ್ನೊಂದು ಬಗೆ. 1978ರಲ್ಲಿ ಕ್ಯಾಲ್ಮಾ ಎಂಬ ಸಂಸ್ಥೆ ತನ್ನ ಯಂತ್ರಗಳಿಗಾಗಿ ಹೊರತಂದ ‘ಜಿಡಿಎಸ್-2’ ರೂಪವು ಬಳಕೆಯ ಬಲದಿಂದಲೇ ಎಲ್ಲರದಾಯಿತು. ಅದರಲ್ಲಿ ನಕ್ಷೆಯ ಅಳತೆಯ ಮಾನವನ್ನು ಮೊದಲಲ್ಲಿಯೇ ಬರೆದಿರುತ್ತಾರೆ. ಆದರೆ ಚಿಪ್ಪಿನ ಪದರಗಳಿಗೆ ಅಲ್ಲಿರುವುದು ಬರಿಯ ಅಂಕಿ. ಯಾವ ಅಂಕಿ ಲೋಹದ ಪದರ, ಯಾವುದು ಅಲ್ಲ ಎಂಬುದನ್ನು ಬೇರೊಂದು ಪಟ್ಟಿ ಹೇಳಬೇಕು. ಪಟ್ಟಿ ತಪ್ಪಿದರೆ ನಕ್ಷೆಯೇ ತಪ್ಪು. ಸಿಲಿಕಾನ್ ಬಿಲ್ಲೆಯ ಮೇಲೆ ಒಮ್ಮೆ ಅಚ್ಚಾದ ತಪ್ಪನ್ನು ಅಳಿಸಲು ಸಾಧ್ಯವಿಲ್ಲ. ಹೊಸ ಅಚ್ಚುಗಳಿಗೆ ತಿಂಗಳುಗಳೂ ಅಪಾರ ಹಣವೂ ವ್ಯಯವಾಗುತ್ತವೆ. ಆದಕಾರಣ ನಕ್ಷೆಯನ್ನು ಕಾರ್ಖಾನೆಗೆ ಕಳುಹಿಸುವ ಮುನ್ನ ಒಂದು ತಂತ್ರಾಂಶವು ಅದನ್ನು ಹಿಂದುಮುಂದಾಗಿ ಓದುತ್ತದೆ: ಗೆರೆಗಳಿಂದ ವಿದ್ಯುನ್ಮಂಡಲವನ್ನು ಹೊರತೆಗೆದು, ವಿನ್ಯಾಸಕಾರರು ಬಯಸಿದ್ದ ಮಂಡಲದೊಡನೆ ತಂತಿಗೆ ತಂತಿಯಾಗಿ ಹೋಲಿಸುತ್ತದೆ.