ಉಮ್ಮನಿಗೆ ಮರೆವೋ, ಕಿವಿ ಕೇಳುತ್ತಿಲ್ಲವೋ?

‘ಪ್ರಾಯ ಆಯ್ತಲ್ಲ, ಮರೆವು ಇರ್ತದೆ’ ಅಂತ ಹೇಳಿ ನಾವು ಸುಮ್ಮನಾಗುತ್ತೇವೆ. ಅರುವತ್ತಕ್ಕೆ ಅರಳು ಮರಳು ಅಂತ ಮಾತೇ ಇದೆಯಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು, ಎಷ್ಟು ರಕಅತ್ ಆಯಿತು ಅಂತ ಯಾವಾಗಲೋ ಒಮ್ಮೆ ಗೊಂದಲ ಆಗುವುದು ಪ್ರಾಯದ ಮರೆವೇ ಇರಬಹುದು. ಆದರೆ ನಲ್ವತ್ತು ವರ್ಷ ಮಾಡಿದ ಪತ್ತಿರ್‌ನ ಹದ ಮರೆತುಹೋಗುವುದು, ಗೊತ್ತಿರುವ ದಾರಿಯಲ್ಲೇ ಮನೆ ಸಿಗದೆ ನಿಲ್ಲುವುದು ಹಾಗಲ್ಲ. ಅದು ಡಿಮೆನ್ಶಿಯಾ ಎಂಬ ಮೆದುಳಿನ ಕಾಯಿಲೆಯ ಲಕ್ಷಣ ಆಗಿರಬಹುದು.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಸಣ್ಣ ಪ್ರಾಯದಲ್ಲೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ನಮ್ಮ ಉಮ್ಮಂದಿರು ಈ ಮೂರರಲ್ಲೂ ಬರುತ್ತಾರೆ.

ಹಾಗಂತ ಎಲ್ಲವೂ ಹಣೆಬರಹ ಅಲ್ಲ. ಲ್ಯಾನ್ಸೆಟ್ ಆಯೋಗ 2024ರಲ್ಲಿ 14 ಕಾರಣಗಳನ್ನು ಗುರುತಿಸಿತು. ಅವೆಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಶೇ. 45ರಷ್ಟು ಡಿಮೆನ್ಶಿಯಾ ತಡೆಯಬಹುದು ಅಥವಾ ಮುಂದೂಡಬಹುದು. ಶುಗರ್, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಖಿನ್ನತೆ, ಒಂಟಿತನ ಎಲ್ಲ ಅದರಲ್ಲಿವೆ. ತಲೆಗೆ ಬೀಳುವ ಪೆಟ್ಟೂ ಇದೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವ ನಮ್ಮ ಹುಡುಗರು ಇದನ್ನು ಓದಲಿ.

ನಾವು ಲೆಕ್ಕಕ್ಕೇ ಹಿಡಿಯದ ಕಾರಣ ಕಿವಿ. ಮಾತು ಸರಿಯಾಗಿ ಕೇಳದವರು ಮೆಲ್ಲ ಮೆಲ್ಲ ಮಾತಿನಿಂದಲೇ ದೂರವಾಗುತ್ತಾರೆ. ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹಿಡಿಯುತ್ತಾರೆ. ಸೌದಿಯಿಂದ ಮಗ ವೀಡಿಯೊ ಕಾಲ್ ಮಾಡಿದರೆ ‘ಸುಖವಾ’ ಅಂತ ಒಂದು ಮಾತು ಕೇಳಿ ಫೋನನ್ನು ಸೊಸೆಗೆ ಕೊಟ್ಟುಬಿಡುತ್ತಾರೆ. ಉಮ್ಮನಿಗೆ ಏನೂ ನೆನಪಿರುವುದಿಲ್ಲ ಅಂತ ನಾವು ಹೇಳುತ್ತೇವೆ. ಕೇಳಿಸದ ಮಾತು ನೆನಪಿರುವುದಾದರೂ ಹೇಗೆ?

ಅಮೆರಿಕದಲ್ಲಿ 70ರಿಂದ 84 ವರ್ಷದ ಸುಮಾರು ಸಾವಿರ ಮಂದಿಯ ಮೇಲೆ 3 ವರ್ಷ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಶ್ರವಣ ಸಾಧನದಿಂದ ಒಟ್ಟು ಗುಂಪಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಬುದ್ಧಿಶಕ್ತಿ ಕುಗ್ಗುವುದು ಶೇ. 48ರಷ್ಟು ನಿಧಾನವಾಯಿತು. ಕನ್ನಡಕ ಹಾಕಲು ಇಲ್ಲದ ನಾಚಿಕೆ ಕಿವಿಯ ಮೆಷಿನ್‌ಗೆ ಯಾಕೋ! ಕೆಲವರಿಗೆ ಮೆಷಿನ್ ಕೂಡ ಬೇಡ, ಗುಗ್ಗೆ ತೆಗೆಸಿದರೆ ಸಾಕು. ಬಿಪಿಎಲ್ ಕುಟುಂಬದ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಗುತ್ತದೆ.

ಮರೆವು ಕಂಡಾಗ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಡಾಕ್ಟರಲ್ಲಿ ಕೇಳಿ ಮಾಡಿಸಬೇಕು. ಇವುಗಳ ಕೊರತೆಯಿಂದ ಬಂದ ಮರೆವಿಗೆ ಮದ್ದು ಇದೆ, ತಡ ಮಾಡಬಾರದು ಅಷ್ಟೇ.

ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡುತ್ತಾ ಬಂದಿವೆ. ಮುಂದಿನ ಶಿಬಿರದಲ್ಲಿ ಕಿವಿ ಪರೀಕ್ಷೆಗೂ ಒಂದು ಟೇಬಲ್ ಇಡಲಿ, ಹೆಂಗಸರಿಗೆ ಬೇರೆ ಸಮಯ ಕೊಡಲಿ.